ಹೊತ್ತು ಮೂಡುವ ಮೊದಲು ಹುಟ್ಟಿದವಳು

ಚಿಕ್ಕಹನುಮಕ್ಕನ ಜೊತೆ ವಾದಕ್ಕಿಳಿದು ಗೆದ್ದವರು ಶಿರಾ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನಗೆ ತೋರಿಸಿ. ನಾನು ಮಾತಿನಲ್ಲಿ ಸೋಲುವವಳಲ್ಲ. ನಾನು ಬಾಯಿ ತೆಗೆದರೆ ನಮ್ಮ ಅಬ್ಬಾ ಬಾಷಾ ಸಾಬ್ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ತಮ್ಮ ಟೈಲರ್ ಅಂಗಡಿಗೆ ಹೊರಟುಬಿಡುತ್ತಾರೆ. ಅಂಥ ನನ್ನನ್ನು ಈ ಮುದುಕಿ, ಕೊತ್ತಂಬರಿ ಕಟ್ಟು ಕಟ್ಟುತ್ತ, ತಲೆ ಕೂಡ ಎತ್ತದೆ, ಈ ಬೇಸಿಗೆಯಲ್ಲಿ ಗೋಳು ಹೊಯ್ದುಕೊಂಡದ್ದು ಅಷ್ಟಿಷ್ಟಲ್ಲ.

ನನ್ನ ಆಫೀಸು ಬಸ್ ಸ್ಟ್ಯಾಂಡಿನ ಹಿಂದೆ, ಟೈರ್ ಅಂಗಡಿಯ ಮಹಡಿಯ ಮೇಲೆ. ಆಫೀಸು ಅಂದರೆ ಎರಡು ಕಂಪ್ಯೂಟರು, ಒಂದು ಫ್ಯಾನು, ಮತ್ತು ನಾನು. ಅಂಗಡಿಗೆ, ಆಸ್ಪತ್ರೆಗೆ, ಶಾಲೆಗೆ ಸಾಫ್ಟ್‌ವೇರ್ ಬರೆದುಕೊಡುವುದು ಮತ್ತು ಬೇರೆಯವರು ಬರೆದು ಕೆಡಿಸಿದ್ದನ್ನು ರಿಪೇರಿ ಮಾಡುವುದು ನನ್ನ ಕಸುಬು. ಎರಡನೆಯದೇ ಜಾಸ್ತಿ. ಮೆಟ್ಟಿಲ ಬುಡದಲ್ಲಿ ಚಿಕ್ಕಹನುಮಕ್ಕ ಗೋಣಿಚೀಲ ಹಾಸಿ ಸೊಪ್ಪು ಹರಡಿಕೊಂಡು ಕೂರುತ್ತಾಳೆ. ಕಳ್ಳಂಬೆಳ್ಳ ಕೆರೆಯ ಕೆಳಗಿನ ಒಂದು ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಾಳೆ. ತವರು ಪಾವಗಡದ ಕಡೆ. ಸಿಟ್ಟು ಬಂದರೆ ತೆಲುಗು ತಾನಾಗಿ ಬರುತ್ತದೆ, ಸಿಟ್ಟು ದಿನಾ ಬರುತ್ತದೆ.

ಅವಳ ವ್ಯಾಪಾರದ ರೀತಿ ಹೇಳುತ್ತೇನೆ, ಕೇಳಿ. ನಾನು ಆಫೀಸು ತೆಗೆದ ಹೊಸತರಲ್ಲಿ ಒಂದು ಬೆಳಿಗ್ಗೆ ದಂಟಿನ ಸೊಪ್ಪಿಗೆ ಕೈ ಹಾಕಿದೆ. ‘ಅದು ಬ್ಯಾಡ, ನೆನ್ನೇದು’ ಅಂದಳು. ಎಲೆಯ ಮೇಲೆ ಇನ್ನೂ ಇಬ್ಬನಿ ಇತ್ತು.

‘ನಿನ್ನೆ ಕಿತ್ತಿದ್ದಾ ಅಜ್ಜಿ?’

‘ಇಲ್ಲ. ಹೊತ್ತು ಮೂಡೋಕ್ ಮುಂಚೆ ಕಿತ್ತಿದ್ದು. ಹೊತ್ತು ಮೂಡಿದ್ ಮ್ಯಾಕೆ ಕಿತ್ತಿದ್ದು ಈ ಕಡೆ ಐತೆ, ಇದ್ನ ತಕಾ.’

ಒಂದೇ ಬೆಳಗಿನ ಜಾವ, ಒಂದೇ ಮಡಿಯಲ್ಲಿ ಕಿತ್ತ ಸೊಪ್ಪು. ಅರ್ಧ ನಿನ್ನೆಯದು, ಅರ್ಧ ಇವತ್ತಿನದು. ಅದನ್ನು ಕೊಳ್ಳುವವರಿಗೆ ತಾನೇ ಸಾರಿ ಹೇಳಿ ಅರ್ಧ ವ್ಯಾಪಾರ ಕೆಡಿಸಿಕೊಳ್ಳುತ್ತಾಳೆ. ಆಗ ನಗು ಬಂದಿತ್ತು. ಈ ವರ್ಷ ಅದೇ ಲೆಕ್ಕ ನನ್ನ ಜೀವ ತಿಂದಿತು.

ಅವಳಿಗೆ ಇಬ್ಬರು ಮೊಮ್ಮಕ್ಕಳು, ರಕ್ಷಾ ಮತ್ತು ದೀಕ್ಷಾ, ಅವಳಿಜವಳಿ. ಅವರ ತಾಯಿ ಗಂಗಲಕ್ಷ್ಮಿ, ಚಿಕ್ಕಹನುಮಕ್ಕನ ಒಬ್ಬಳೇ ಮಗಳು, ಶಿರಾದ ಒಂದು ನರ್ಸಿಂಗ್ ಹೋಮಿನಲ್ಲಿ ಹೆತ್ತ ಬೆಳಿಗ್ಗೆಯೇ ತೀರಿಕೊಂಡಳು. ಅಪ್ಪನೆಂಬುವವನು ವರ್ಷ ತುಂಬುವುದರೊಳಗೆ ಹಿರಿಯೂರಿನ ಕಡೆ ಇನ್ನೊಂದು ಮದುವೆ ಮಾಡಿಕೊಂಡ. ಸೊಪ್ಪು ಮಾರಿ ಇಬ್ಬರನ್ನೂ ಬೆಳೆಸಿದವಳು ಇವಳೇ. ರಜೆಯಲ್ಲಿ ಹುಡುಗಿಯರೂ ಬಸ್ಸಿಗೆ ಬಂದು ಮೆಟ್ಟಿಲ ಮೇಲೆ ಕೂತು ಓದುತ್ತಾರೆ. ಒಂದೇ ಪುಸ್ತಕ. ರಕ್ಷಾ ಬೇಗ ಓದಿ ಮುಗಿಸಿ, ಹಾಳೆ ತಿರುವದೆ, ದೀಕ್ಷಾ ಮುಗಿಸುವ ತನಕ ಬೆರಳು ಇಟ್ಟುಕೊಂಡು ಕಾಯುತ್ತಾಳೆ. ಅಕ್ಕ ಅನ್ನಿಸಿಕೊಳ್ಳಲು ಅವಳಿಗೆ ಮುಕ್ಕಾಲು ಗಂಟೆಯ ಹಿರಿತನವೇ ಸಾಕಾಗಿದೆ.

ಆ ನರ್ಸಿಂಗ್ ಹೋಮ್ ನಡೆಸುವ ಟ್ರಸ್ಟಿನವರದೇ ಮಧುಗಿರಿ ರಸ್ತೆಯಲ್ಲಿ ಒಂದು ಹಾಸ್ಟೆಲ್ ಶಾಲೆ ಇದೆ. ಟ್ರಸ್ಟಿನ ಹೆಸರು ಬೇಡ, ಹೇಳಿದರೆ ನನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ. ಆರನೇ ತರಗತಿಗೆ ಪರೀಕ್ಷೆ ಇಟ್ಟು ಮಕ್ಕಳನ್ನು ತೆಗೆದುಕೊಳ್ಳುತ್ತಾರೆ, ಪಿಯುಸಿವರೆಗೆ ಊಟ, ಬಟ್ಟೆ, ಪಾಠ ಎಲ್ಲ ಅವರದೇ. ಈ ಸಲ ಹುಡುಗಿಯರಿಬ್ಬರೂ ಬರೆದರು, ಇಬ್ಬರೂ ಪಾಸಾದರು. ಸಂತೆಯಿಂದ ಇಬ್ಬರಿಗೂ ಸೇರಿ ಒಂದು ದೊಡ್ಡ ಟ್ರಂಕು ಬಂತು. ಆಮೇಲೆ ಫೋನಿಗೆ ಮೆಸೇಜು ಬಂತು: ದೀಕ್ಷಾಗೆ ಸೀಟು ಇದೆ, ರಕ್ಷಾಗೆ ಇಲ್ಲ. ಕಾರಣ, ವಯಸ್ಸು ಮೀರಿದೆ. 2015ರ ಜೂನ್ ಒಂದಕ್ಕಿಂತ ಮುಂಚೆ ಹುಟ್ಟಿದವರಿಗೆ ಪ್ರವೇಶ ಇಲ್ಲ. ದೀಕ್ಷಾ ಹುಟ್ಟಿದ್ದು ಜೂನ್ ಒಂದು. ಅವಳ ಜೊತೆಯಲ್ಲೇ ಹುಟ್ಟಿದ ರಕ್ಷಾ ಮೇ ಮೂವತ್ತೊಂದು!

ಟ್ರಸ್ಟಿನ ಹಳೆಯ ಸಾಫ್ಟ್‌ವೇರು ಹೋದ ವರ್ಷದಿಂದ ನನ್ನ ಕೈಗೆ ಬಂದಿದೆ. ಆಸ್ಪತ್ರೆ, ಶಾಲೆ ಎರಡಕ್ಕೂ ಅದೊಂದೇ. ತೆಗೆದು ನೋಡಿದೆ, ತಲೆ ಚಚ್ಚಿಕೊಂಡೆ. ವಿಷಯ ಇಷ್ಟೇ. ಮಗು ಹುಟ್ಟಿದ ತಾರೀಖು, ಗಂಟೆ, ನಿಮಿಷ ಎಲ್ಲವನ್ನೂ ಸರ್ವರು ಇಂಗ್ಲೆಂಡಿನ ಗಡಿಯಾರಕ್ಕೆ ತಿರುಗಿಸಿ ಇಟ್ಟುಕೊಳ್ಳುತ್ತದೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ, ಎಲ್ಲ ಕಡೆಯೂ ಹಾಗೇ ಮಾಡುತ್ತಾರೆ. ಆದರೆ ಅದರಿಂದ ತಾರೀಖು ಒಂದನ್ನೇ ಬೇರ್ಪಡಿಸುವಾಗ ಮೊದಲು ನಮ್ಮ ಗಡಿಯಾರಕ್ಕೆ ತರಬೇಕು, ಆಮೇಲೆ ಗಂಟೆಯನ್ನು ಕಿತ್ತು ಹಾಕಬೇಕು. ಇದನ್ನು ಬರೆದ ಪುಣ್ಯಾತ್ಮ ಮೊದಲೇ ಗಂಟೆ ಕಿತ್ತು ಹಾಕಿದ್ದಾನೆ. ಹಾಗಾಗಿ ನಮ್ಮಲ್ಲಿ ಬೆಳಿಗ್ಗೆ ಐದೂವರೆಯೊಳಗೆ ಹುಟ್ಟಿದ ಮಕ್ಕಳಿಗೆಲ್ಲ ಹಿಂದಿನ ದಿನದ ತಾರೀಖು. ರಕ್ಷಾ ಹುಟ್ಟಿದ್ದು ಐದೂ ಹತ್ತಕ್ಕೆ, ದೀಕ್ಷಾ ಆರಕ್ಕೆ ಐದು ನಿಮಿಷ ಇದ್ದಾಗ. ಗೆರೆ ಸರಿಯಾಗಿ ಇಬ್ಬರ ನಡುವೆ ಬಿದ್ದಿತ್ತು. ಎರಡು ಸಾಲು ಹಿಂದೆ ಮುಂದೆ ಬರೆದದ್ದಕ್ಕೆ ಒಂದು ಹುಡುಗಿಯ ಓದು ಹೋಗುತ್ತಿತ್ತು. ಜನನ ಪತ್ರವೂ ಆಸ್ಪತ್ರೆ ಕಳಿಸಿದ ತಾರೀಖಿನ ಮೇಲೆಯೇ ಆಗಿತ್ತು. ಆಸ್ಪತ್ರೆಯ ದಾಖಲೆ ತಪ್ಪು ಎಂದು ಟ್ರಸ್ಟಿನ ಕಾರ್ಯದರ್ಶಿ ಬರೆದುಕೊಟ್ಟರೆ ಮಾತ್ರ ಎಲ್ಲ ಸರಿಹೋಗುವಂತಿತ್ತು.

ಕಾರ್ಯದರ್ಶಿ ಸಂಜೀವಯ್ಯ ಕೊರಟಗೆರೆಯವರು. ಒಳ್ಳೆಯ ಮನುಷ್ಯ, ಆದರೆ ಸಹಿ ಅಂದರೆ ಹಾವು ತುಳಿದ ಹಾಗೆ ಬೆಚ್ಚುತ್ತಾರೆ. ಸರ್ವರಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಅವರ ಮುಂದೆ ಹಿಡಿದೆ. ಅದೇ ಯಡವಟ್ಟಾಯಿತು.

‘ನೋಡಮ್ಮ, ಇಲ್ಲೇನೈತೆ? ಒಂದು ರಾತ್ರಿ ಹನ್ನೊಂದೂ ನಲವತ್ತಕ್ಕೆ, ಇನ್ನೊಂದು ಹನ್ನೆರಡೂ ಇಪ್ಪತ್ತೈದಕ್ಕೆ. ಮಧ್ಯರಾತ್ರಿ ಆಚೆ ಒಂದು, ಈಚೆ ಒಂದು. ತಾರೀಖು ಬೇರೆ ಆಗ್ದೆ ಇನ್ನೇನಾಯ್ತದೆ?’

‘ಸಾರ್, ಅದು ಇಂಗ್ಲೆಂಡಿನ ಟೈಮು.’

‘ಹೆರಿಗೆ ಆಗಿದ್ದು ಶಿರಾದಾಗೆ ಕಣಮ್ಮ. ಆಯಮ್ಮ ಇಂಗ್ಲೆಂಡಿಗೆ ಯಾವಾಗ ಹೋಗಿದ್ಲು?’

ಕಾಗದದ ಮೇಲೆ ಗಡಿಯಾರ ಬರೆದು ತೋರಿಸಿದೆ. ಗ್ಲೋಬು ತರಿಸಿ ತಿರುಗಿಸಿದೆ. ಸಂಜೀವಯ್ಯ ಗ್ಲೋಬಿನಲ್ಲಿ ಶಿರಾ ಎಲ್ಲಿದೆ ಅಂತ ಹುಡುಕತೊಡಗಿದರು. ಕೊನೆಗೆ ಅಂದರು: ‘ಇನ್ನೂ ಯಾರಾದ್ರೂ ಇದೇ ಕಂಪ್ಲೇಂಟ್ ಹೇಳಿದ್ರೆ ನಾನು ಒಪ್ಕಳ್ತೀನಿ. ಹನ್ನೊಂದು ವರ್ಷದಾಗೆ ಒಬ್ರೂ ಬಂದಿಲ್ವಲ್ಲ?’

ಸರಿ, ಬೆಳಗಿನ ಜಾವ ಹುಟ್ಟಿದ ಮಕ್ಕಳ ಮನೆಗಳಿಗೆಲ್ಲ ಫೋನು ಹಚ್ಚಿದೆ. ಕೊಳಾಲದ ಮುನಿಯಮ್ಮ ಎಂಬುವವರ ಮೊಮ್ಮಗ ಬುಧವಾರ ನಸುಕಿನಲ್ಲಿ ಹುಟ್ಟಿದವನು, ದಾಖಲೆಯಲ್ಲಿ ಮಂಗಳವಾರ. ‘ಸರಿಯಾಗೇ ಐತಲ್ಲಮ್ಮ. ಮಂಗ್ಳವಾರ್ದ ರಾತ್ರಿ ಇನ್ನೂ ಕಳ್ದಿರ್ಲಿಲ್ಲ. ಮಂಗ್ಳವಾರ ಅವನ ತಲೆಗೆ ಕತ್ರಿ ಕೂಡ ಹಾಕ್ಸಲ್ಲ ನಾವು, ಹುಟ್ಟಿದ ವಾರ’ ಅಂದರು. ಬಲಸಮುದ್ರದ ಒಬ್ಬ ಯಜಮಾನರು ನನಗೇ ಬೈದರು: ‘ಏಮಮ್ಮಾ, ಮಾ ಬಾಬು ಶುಕ್ರವಾರಮೇ ಪುಟ್ಟಿನಾಡು. ಶುಕ್ರವಾರವೇ ಹುಟ್ಟಿದ್ದು, ಬರೆದಿರೋದು ಕರೆಕ್ಟೇ. ಅದನ್ನ ಯಾಕೆ ಕೆಡಿಸ್ತೀಯಾ?’

ಒಬ್ಬರೂ ತಪ್ಪು ಅನ್ನಲಿಲ್ಲ! ಇವರೆಲ್ಲರಿಗೂ ಹೊತ್ತು ಮೂಡಿದರೆ ದಿನ ಶುರು. ಸರ್ವರಿಗೆ ಐದೂವರೆಗೆ ಶುರು. ಎರಡಕ್ಕೂ ಅಷ್ಟು ವ್ಯತ್ಯಾಸವಿಲ್ಲ. ಬೇರೆ ಎಲ್ಲಿ ಈ ತಪ್ಪಾದರೂ ಮಾರನೆಯ ದಿನವೇ ಜನ ಬಂದು ಕೊರಳಪಟ್ಟಿ ಹಿಡಿಯುತ್ತಿದ್ದರು. ಶಿರಾ ಸುತ್ತಿನ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಮಾತ್ರ ಅದು ಹನ್ನೊಂದು ವರ್ಷ ಮರ್ಯಾದೆಯಿಂದ ಬಾಳಿಕೊಂಡು ಬಂದಿತ್ತು. ನಮ್ಮ ಮೊಹಲ್ಲಾದ ಹಫೀಜ್ ಭಾಯಿ ಒಬ್ಬರೇ, ಮಗಳ ತಾರೀಖು ತಪ್ಪಾಗಿದೆ ಅಂತ ಅವತ್ತೇ ಆಸ್ಪತ್ರೆಯ ಕೌಂಟರಿನಲ್ಲಿ ಜಗಳ ಆಡಿದ್ದರಂತೆ. ಅಲ್ಲಿದ್ದವನು ಪೆನ್ನಿನಲ್ಲಿ ಗೀಚಿ ತಿದ್ದಿಕೊಟ್ಟು ಸುಮ್ಮನಾಗಿದ್ದ. ಆ ಕಾಗದವೂ ಈಗ ಇಲ್ಲ.

ಮನೆಗೆ ಬಂದು ಅಬ್ಬಾನ ಮುಂದೆ ಕೂಗಾಡಿದೆ. ಅವರು ಗುಂಡಿ ಹೊಲಿಯುತ್ತ ಶಾಂತವಾಗಿ ಅಂದರು: ‘ಬೇಟಾ, ದಿನ ಶುರುವಾಗೋದು ಹೊತ್ತು ಮೂಡಿದಾಗಲೂ ಅಲ್ಲ, ಮಧ್ಯರಾತ್ರೀಲೂ ಅಲ್ಲ. ಸಂಜೆ ಹೊತ್ತು ಮುಳುಗಿ ಮಗ್ರಿಬ್ ನಮಾಜಿನ ಹೊತ್ತಾದರೆ ಮಾರನೇ ದಿನ ಬಂತು.’ ನಾನು ಊಟ ಬಿಟ್ಟು ಎದ್ದೆ.

ಇಷ್ಟೆಲ್ಲ ಆದಮೇಲೆ ಸಂಜೀವಯ್ಯನವರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ‘ಹೆರಿಗೆ ಟೈಮ್ನಾಗೆ ಜೊತೆಗಿದ್ದೋರು ಯಾರು? ಅಜ್ಜಿ ತಾನೆ? ಕರ್ಕೊಂಡು ಬಾ. ಆಯಮ್ಮ ಒಂದು ಮಾತು ಹೇಳಿದ್ರೆ ಸಹಿ ಹಾಕ್ಬುಡ್ತೀನಿ’ ಅಂದರು. ಶುಕ್ರವಾರದ ಸಂಜೆಗೆ ಪ್ರವೇಶ ಮುಗಿಯುತ್ತಿತ್ತು, ಇನ್ನೂ ಮೂರು ದಿನ ಇತ್ತು. ನಾನು ಕುಣಿಯುತ್ತ ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ದಾರಿಯಲ್ಲಿ ಏನನ್ನೂ ಹೇಳಿಕೊಡಲಿಲ್ಲ. ಇದ್ದದ್ದು ಹೇಳುವುದಕ್ಕೆ ಪಾಠ ಯಾಕೆ ಬೇಕು?

‘ಅಜ್ಜಿ, ದೊಡ್ಡ ಮೊಮ್ಮಗಳು ಹುಟ್ಟಿದ್ದು ಯಾವತ್ತು?’ ಸಂಜೀವಯ್ಯ ಕೇಳಿದರು.

‘ಭಾನ್ವಾರ.’

‘ಚಿಕ್ಕೋಳು?’

‘ಸ್ವಾಮ್ವಾರ.’

‘ಅಜ್ಜೀ! ಎಷ್ಟು ಹೊತ್ತಲ್ಲಿ ಅಂತ ಹೇಳು!’ ಅಂತ ಕಿರುಚಿದೆ.

‘ಕೋಳಿ ಕೂಗಿತ್ತು. ಹೊತ್ತು ಮೂಡಿರ್ಲಿಲ್ಲ. ಚಿಕ್ಕೋಳು ಬಂದಾಗ ಕಿಟ್ಕಿ ಮ್ಯಾಲೆ ಬಿಸ್ಲು ಬಿದ್ದಿತ್ತು.’

‘ಕೇಳಿದ್ರಾ ಸಾರ್? ಬೆಳಗಿನ ಜಾವ! ಅಂದ್ರೆ ಇಬ್ಬರೂ ಸೋಮವಾರವೇ!’

‘ಹೊತ್ತು ಮೂಡ್ದೆ ಸ್ವಾಮ್ವಾರ ಹೆಂಗಾಯ್ತದೆ?’ ಅಂದಳು ಚಿಕ್ಕಹನುಮಕ್ಕ, ಚಿಕ್ಕ ಮಗುವಿಗೆ ಹೇಳುವ ಹಾಗೆ.

ಸಂಜೀವಯ್ಯ ನಕ್ಕುಬಿಟ್ಟರು. ‘ನಮ್ಮವ್ವನೂ ಇಂಗೇ ಅಂತಿದ್ಲು. ನಂಗೆ ಈಗ ಅರ್ಥ ಆಯ್ತಮ್ಮ ಅಂಬ್ರೀನ್, ನೀನು ಹೇಳಿದ್ದು ಸರಿ. ಆದ್ರೆ ನಾಳೆ ಯಾರಾದ್ರೂ ಕೇಳಿದ್ರೆ? ಜೊತೆಗಿದ್ದ ಅಜ್ಜೀನೇ ಭಾನುವಾರ ಅಂದ್ಮೇಲೆ ನೀನೆಂಗೆ ತಿದ್ದಿದೆ ಅಂದ್ರೆ ಏನು ಹೇಳ್ಲಿ? ಆಯಮ್ಮ ಬಾಯ್ಬಿಟ್ಟು ಸೋಮವಾರ ಅನ್ಲಿ. ಆ ಗಳಿಗೇಲಿ ಸಹಿ.’

‘ಅನ್ನು ಅಜ್ಜಿ’ ಅಂದೆ. ‘ಅನ್ನಲ್ಲ’ ಅಂದಳು. ಸೆರಗು ಸಿಕ್ಕಿಸಿಕೊಂಡು ಎದ್ದಳು. ವಾಪಸು ಬರುವಾಗ ಆಟೋದಲ್ಲಿ ಬೇಡಿಕೊಂಡೆ, ಬೈದೆ, ಸರ್ಕಾರದ ದಿನ ಮಧ್ಯರಾತ್ರಿಗೇ ಬದಲಾಗುತ್ತದೆ ಅಂತ ಬಿಡಿಸಿ ಹೇಳಿದೆ. ‘ಮಧ್ಯರಾತ್ರೀಲಿ ಯಾವನು ಎದ್ದು ನೋಡ್ತಾನೆ?’ ಅಂದಳು. ಆಟೋದವನು ಅವಳ ಕಡೆಯೇ ಮಾತಾಡಿದ.

ಮಾರನೆಯ ದಿನ ಹುಡುಗಿಯರು ಅಜ್ಜಿಯ ಜೊತೆ ಬಂದಿದ್ದರು. ದೀಕ್ಷಾ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಮನೆಯಲ್ಲಿ ಟ್ರಂಕಿನಿಂದ ರಕ್ಷಾ ತನ್ನ ಬಟ್ಟೆಗಳನ್ನು ತೆಗೆದು, ತಂಗಿಯ ಬಟ್ಟೆಗಳನ್ನು ಅಗಲವಾಗಿ ಹರಡಿ, ಟ್ರಂಕು ತುಂಬಿದ ಹಾಗೆ ಕಾಣಿಸುವಂತೆ ಜೋಡಿಸಿದ್ದಳಂತೆ. ‘ಇವಳೊಬ್ಬಳೇ ಹೋಗ್ಲಿ ಆಂಟಿ, ನಾನು ಅಜ್ಜಿ ಜೊತೆ ಸೊಪ್ಪು ಮಾರ್ತೀನಿ’ ಅಂತ ರಕ್ಷಾ ನನಗೇ ಸಮಾಧಾನ ಹೇಳಿದಳು. ಹುಡುಗಿಯರನ್ನು ಬನ್ ತರಲು ಬೇಕರಿಗೆ ಕಳಿಸಿ, ನಾನು ಮೆಟ್ಟಿಲ ಬುಡದಲ್ಲಿ, ಟೈರ್ ಅಂಗಡಿಯವರೆಲ್ಲ ನೋಡುತ್ತಿದ್ದ ಹಾಗೆ, ಬಾಯಿಗೆ ಬಂದದ್ದು ಅಂದೆ.

‘ನಿನ್ನ ಹಟಕ್ಕೆ ಆ ಮಗುವಿನ ಓದು ಹಾಳಾಗ್ತಿದೆ! ಕೇಳ್ತಿರೋದು ಒಂದೇ ಒಂದು ಮಾತು. ಭಾನುವಾರ ಆದರೇನು, ಸೋಮವಾರ ಆದರೇನು? ನಿನ್ನ ಗಂಟು ಏನು ಹೋಗುತ್ತೆ?’

ಅವಳು ಕಟ್ಟಿದ ಮೆಂತ್ಯದ ಕಟ್ಟನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು. ತೆಲುಗು ಬರುತ್ತದೆ ಅಂತ ಕಾದೆ. ಬರಲಿಲ್ಲ.

‘ಗಂಗಿ ಸತ್ತಿದ್ದು ಸ್ವಾಮ್ವಾರ’ ಅಂದಳು.

ಕಟ್ಟನ್ನು ಗೋಣಿಚೀಲದ ಮೇಲೆ ಇಟ್ಟಳು.

‘ದೊಡ್ಡೋಳ್ನ ಎದೆ ಮ್ಯಾಲೆ ಇಕ್ಕಂಡಿದ್ಲು ಕಣಮ್ಮ. ಬೆರಳೆಲ್ಲಾ ಮುಟ್ಟಿ ಮುಟ್ಟಿ ನೋಡಿದ್ಲು. ಅವ್ವಾ, ಮೂಗು ನಂದೇ ಅಂದ್ಲು. ಇನ್ನೂ ಕತ್ಲೆ ಇತ್ತು ಆಗ. ಬೆಳಕು ಹರ್ದು ಚಿಕ್ಕೋಳು ಬರೋ ಹೊತ್ಗೆ ಕಣ್ಣು ಮುಚ್ಚಿದ್ಲು, ಇವಳ್ನ ನೋಡ್ಲೇ ಇಲ್ಲ. ವರ್ಸಾ ವರ್ಸಾ ಹಿಂದಿನ ದಿನ ದೊಡ್ಡೋಳ್ಗೆ ಪಾಯ್ಸ ಮಾಡ್ತೀನಿ. ಮಾರನೇ ದಿನ ಗಂಗಿಗೆ ಎಡೆ ಇಕ್ತೀನಿ. ಚಿಕ್ಕೋಳ್ಗೆ ಬ್ಯಾರೆ ದಿನ ಇಲ್ಲ. ಎಡೆ ಮುಂದೇನೇ ಕುಂತ್ಕಂಡು ಅವ್ಳೂ ಉಣ್ತಾಳೆ, ಹೊಸ ಲಂಗ ಹಾಕ್ಕಂಡು. ಇಬ್ರಲ್ಲಿ ಒಬ್ಳಿಗಾದ್ರೂ ಅವ್ವ ಬದ್ಕಿದ್ದ ದಿನ ಅಂತ ಒಂದೈತೆ. ಅದ್ನೂ ನಾನೇ ನನ್ ಬಾಯಾಗೆ ಕಿತ್ಕಳ್ಳಾ?’

ಅಷ್ಟು ಜನರ ಮುಂದೆ ಕೂಗಾಡಿದ್ದಕ್ಕೆ ನಾಚಿಕೆಯಾಯಿತು. ಸಿಟ್ಟು ಮಾತ್ರ ಹೋಗಲಿಲ್ಲ. ಯಾರ ಮೇಲೆ ತೀರಿಸಿಕೊಳ್ಳುವುದು ಅಂತ ಗೊತ್ತಾಗಲಿಲ್ಲ. ‘ಹೇಳಬೇಡ ಅಜ್ಜಿ. ಬೇರೆ ಏನಾದರೂ ದಾರಿ ನೋಡ್ತೀನಿ’ ಅಂದೆ. ಬೇರೆ ದಾರಿ ಇಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಅವಳು ಮೊದಲನೇ ಸಲ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಹಿಂದೆ ರಕ್ಷಾ. ‘ನಡಿಯಮ್ಮ’ ಅಂದಳು, ಅಷ್ಟೇ.

ಸಂಜೀವಯ್ಯ ಮತ್ತೆ ಅದೇ ಪ್ರಶ್ನೆ ಕೇಳಿದರು. ಚಿಕ್ಕಹನುಮಕ್ಕ ಅವರ ಮೇಜನ್ನು ನೋಡುತ್ತ ಅಂದಳು: ‘ಸ್ವಾಮ್ವಾರ.’

‘ಇಬ್ರೂನಾ?’

‘ಇಬ್ರೂವೆ.’

ರಕ್ಷಾ ತಿರುಗಿ ನೋಡಿದಳು. ‘ಅಜ್ಜಿ, ನಾನು ಹಿಂದಿನ ದಿನದೋಳಲ್ವಾ? ಅವ್ವ ನನ್ನ ಎತ್ಕೊಂಡಿದ್ಲಲ್ಲ?’

‘ಇಲ್ಲ ಕಣೆ. ವಯಸ್ಸಾಯ್ತು, ನಂಗೇ ನೆಪ್ಪು ತಪ್ಪಿತ್ತು’ ಅಂದಳು.

ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಮ್ಮ ಗಡಿಯಾರದ ಪ್ರಕಾರ ಅವಳು ಹೇಳಿದ್ದು ನಿಜವೇ, ನಾನು ವಾರದಿಂದ ಬಡಿದಾಡಿದ ನಿಜ. ಸಂಜೀವಯ್ಯ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು. ರಕ್ಷಾ ಓಡಿಹೋಗಿ ನನ್ನ ಫೋನಿನಲ್ಲಿ ಊರಲ್ಲಿದ್ದ ತಂಗಿಗೆ ಸುದ್ದಿ ಹೇಳಿದಳು. ಅತ್ತಲಿಂದ ದೀಕ್ಷಾ ಚೀರಿದ್ದು ನಮಗೆಲ್ಲ ಕೇಳಿಸಿತು.

ಆಫೀಸಿಗೆ ವಾಪಸು ಬಂದು ದಾಖಲೆ ತೆರೆದೆ. ಚಿಕ್ಕಹನುಮಕ್ಕ ನನ್ನ ಕುರ್ಚಿಯ ಹಿಂದೆ ನಿಂತಿದ್ದಳು. ರಕ್ಷಾ ಕೆಳಗೆ ಸೊಪ್ಪು ಕಾಯುತ್ತಿದ್ದಳು.

‘ಅದ್ರಾಗೆ ದೊಡ್ಡೋಳ್ದು ಈಗ ಏನಂತ ಐತೆ?’

‘ಮೂವತ್ತೊಂದನೇ ತಾರೀಖು ಅಜ್ಜಿ. ಭಾನುವಾರ.’

‘ಅವತ್ನಿಂದ್ಲೂವಾ?’

‘ಹೂಂ, ಅವತ್ತಿನಿಂದಲೂ.’

ಅವಳು ಬಗ್ಗಿ, ಸೊಪ್ಪಿನ ಕರೆ ಹಿಡಿದ ಬೆರಳಿನಿಂದ, ಓದಲು ಬಾರದ ಆ ಅಂಕಿಯನ್ನು ಒಂದು ಸಲ ಮುಟ್ಟಿದಳು.

‘ಇದೊಂದಾದ್ರೂ ಇಷ್ಟು ವರ್ಸ ನಾನೇಳ್ದಂಗೇ ಇಕ್ಕಂಡಿತ್ತಲ್ಲಮ್ಮ’ ಅಂದಳು. ಆಮೇಲೆ ಬೆರಳು ತೆಗೆದಳು. ‘ಆಯ್ತು, ತಿದ್ದು.’

ನಾನು ತಿದ್ದಿದೆ.